ಶಾಲೆಯಲ್ಲಿ ಮಮತ್ವ

ಧಾರವಾಡದ ಸಮೀಪದ ಅಮ್ಮಿನಬಾವಿಯು ತನ್ನ ಪ್ರಾಚೀನ ಬಸದಿಯಿಂದಲೂ ಶಿಲಾಶಾಸನಗಳಿಂದಲೂ ಹಿರೇಮಠದಿಂದಲೂ ಹೆಸರಾದ ಊರು. ಇಂಥ ಊರುಗಳಲ್ಲಿ ಗುಡಿಯ ಗೋಡೆ ಬಿರಿದರೆ, ತೇರಿನ ಹಗ್ಗ ಸವೆದರೆ ಯಾರೂ ಸರಕಾರದ ಅಪ್ಪಣೆಗೆ ಕಾಯುವದಿಲ್ಲ; ಅದು ನಮ್ಮದೆಂಬ ಮಮತ್ವವು ಜನರಲ್ಲಿ ಹುಟ್ಟಿನಿಂದಲೇ ಬಂದಿರುವದು. ಆದರೆ ಶಾಲೆಯ ಹಂಚು ಒಡೆದರೆ 'ಸರಕಾರದವರು ನೋಡಿಕೊಳ್ಳಲಿ' ಎಂಬ ಮಾತು ನಮ್ಮ ಅನೇಕ ಗ್ರಾಮಗಳಲ್ಲಿ ಕೇಳಬರುತ್ತದೆ. ಊರಿನವರಿಗೇ ಪರಕೀಯವಾದ ಶಾಲೆಯು ಮಕ್ಕಳಿಗೂ ಶಿಕ್ಷಕರಿಗೂ ಆಪ್ತವಾಗುವದೆಂತು?

ಈ ಪರಕೀಯತೆಯ ಕಷ್ಟವು ನಮ್ಮ ಪ್ರಾಂತಕ್ಕೆ ಹೊಸದಲ್ಲ. ಮುಂಬಯಿ ಇಲಾಖೆಗೆ ಸೇರಿದ್ದ ಈ ಭಾಗದಲ್ಲಿ ಕಳೆದ ಶತಮಾನಕ್ಕೂ ಹಿಂದೆ, ಮನೆಯಲ್ಲಿ ಕನ್ನಡವಾಡುವ ಹುಡುಗನು ಶಾಲೆಯಲ್ಲಿ ಮರಾಠಿಯನ್ನು ಓದಬೇಕಾಗಿದ್ದಿತು. ತನ್ನ ಊರಿನ ಶಾಲೆಯಲ್ಲಿಯೇ ಅವನು ಅತಿಥಿ! ಡೆಪ್ಯುಟಿ ಚನ್ನಬಸಪ್ಪನವರು (1834–1881) ಹಳ್ಳಿಹಳ್ಳಿಗೆ ತಿರುಗಿ, ಜನರ ಮನವೊಲಿಸಿ ಕನ್ನಡ ಶಾಲೆಗಳನ್ನು ಬೆಳೆಸಿದ್ದು ಈ ಕಾರಣಕ್ಕಾಗಿಯೇ. ಶಿಕ್ಷಕರನ್ನೂ ಅವರು ಮರೆಯಲಿಲ್ಲ. 1865ರಲ್ಲಿ ಹೊರಟ 'ಮಠಪತ್ರಿಕೆ'ಯು ಚದುರಿಹೋಗಿದ್ದ ಕನ್ನಡ ಮಾಸ್ತರರಿಗೆ ತಾವೆಲ್ಲ ಒಂದೇ ಬಳಗದವರೆಂಬ ಅರಿವನ್ನು ತರಲು ಸಾಧನವಾಯಿತು.

ಇಂದು ಆ ಭಾಷಾಸಂಕಟವು ಬಹುಮಟ್ಟಿಗೆ ನೀಗಿದೆ. ಆದರೂ 'ಸಾಲಿಗೆ ಹೊಂಟೇನ್ರಿ' ಎಂದ ಮಗುವನ್ನು ನೋಡಿ ನಗುವ ಶಿಕ್ಷಕರು ಇನ್ನೂ ಇದ್ದಾರೆ. ಗ್ರಂಥದ ಕನ್ನಡವನ್ನು ಕಲಿಸಬೇಕು, ನಿಜ. ಅದಕ್ಕಾಗಿ ತಾಯಿಯ ಮಾತನ್ನು ಹೀಯಾಳಿಸುವ ಅವಶ್ಯಕತೆಯೇನಿದೆ? ಒಮ್ಮೆ ನಗೆಗೀಡಾದ ಮಗುವು ಮತ್ತೆ ಬಾಯಿ ತೆರೆಯಲು ಹಿಂಜರಿಯುವದು ಸಹಜ.

ಶಿಕ್ಷಕರ ಸ್ಥಿತಿಯೂ ವಿಚಾರಾರ್ಹವಾದುದು. ಪಟ್ಟಣಕ್ಕೆ ಹತ್ತಿರವಾದ ಹಳ್ಳಿಗಳಿಗೆ ಅನೇಕರು ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಮರಳುವರು. ಇದಕ್ಕಾಗಿ ಅವರನ್ನು ದೂಷಿಸುವದು ನ್ಯಾಯವಲ್ಲ. ಹಳ್ಳಿಯಲ್ಲಿ ಬಾಡಿಗೆಗೆ ಯೋಗ್ಯವಾದ ಮನೆಯೂ ದೊರೆಯಬೇಕಷ್ಟೆ. ಇವರಿಗಿಂತ ಅತಿಥಿ ಶಿಕ್ಷಕರ ಪಾಡು ಕಠಿಣ. ವರ್ಷಾರಂಭದಲ್ಲಿ ನೇಮಕ, ವರ್ಷಾಂತ್ಯದಲ್ಲಿ ಬಿಡುಗಡೆ. ಅದೇ ತರಗತಿ, ಅವೇ ಮಕ್ಕಳು, ಆದರೆ ಕೈಗೆ ಬರುವದು ಅಲ್ಪ ಗೌರವಧನ. ಹೆಸರಿನಲ್ಲಿಯೇ 'ಅತಿಥಿ' ಎಂದು ಕರೆದು, ಅವರು ಮನೆಯವರಂತೆ ದುಡಿಯಲೆಂದು ಬಯಸುವದು ವಿಚಿತ್ರವಲ್ಲವೆ?

2009ರ ಶಿಕ್ಷಣ ಹಕ್ಕಿನ ಕಾಯಿದೆಯ 21ನೆಯ ಕಲಮು ಶಾಲೆಯ ವ್ಯವಸ್ಥಾಪಕ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕೆಂದೂ, ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ವಿಧಿಸಿದೆ. ಕರ್ನಾಟಕದಲ್ಲಿಯಂತೂ ಶಾಲಾಭಿವೃದ್ಧಿ ಸಮಿತಿಗಳು 2001ರಿಂದಲೇ ಇವೆ. ಆದರೆ ದುಡಿದು ಬಂದ ತಾಯಿಯ ಸಹಿಯನ್ನು ಅವಳ ಮನೆಯ ಬಾಗಿಲಲ್ಲಿ ಪಡೆದರೆ ಸಭೆ ನಡೆದಂತಾಗಲಿಲ್ಲ. ಕೂಲಿಯವರಿಗೆ ಅನುಕೂಲವಾದ ಸಂಜೆಯ ಹೊತ್ತಿನಲ್ಲಿ ಅದು ಕೂಡಬೇಕು; ಅತಿಥಿ ಶಿಕ್ಷಕರನ್ನೂ ಬಿಸಿಯೂಟದ ಅಡಿಗೆಯವರನ್ನೂ ಕರೆದು ಮಾತು ಕೇಳಬೇಕು. ಯಾವ ಮಗು ಊಟಕ್ಕೆ ಒಂಟಿಯಾಗಿ ಕೂಡುತ್ತದೆಂಬುದು ಹಾಜರಿ ಪುಸ್ತಕಕ್ಕೆ ತಿಳಿಯದು, ಬಡಿಸುವ ಆ ತಾಯಿಗೆ ತಿಳಿದಿರುತ್ತದೆ. ತನಿಖೆಗೆ ಬರುವ ಅಧಿಕಾರಿಗಳು ಠರಾವು ಪುಸ್ತಕವನ್ನು ನೋಡುವದರ ಜೊತೆಗೆ ಅವಳನ್ನೂ ಒಮ್ಮೆ ಮಾತನಾಡಿಸಲಿ.