ಬೆಳಗುವ ಕೀಲಿಮಣೆ: ಬೆಳಕೆಷ್ಟು, ಬೆಡಗೆಷ್ಟು?

ಮನೆಮಂದಿಯೆಲ್ಲ ಮಲಗಿದ ಮೇಲೆ ಪ್ರಶ್ನೆಪತ್ರಿಕೆ ಟೈಪ್ ಮಾಡುವ ನನಗೆ, ಮಗ ಆಟಕ್ಕೆಂದು ತಂದ ಬೆಳಗುವ ಕೀಲಿಮಣೆ ವರವೆಂದೇ ತೋರಿತು. ಕೋಣೆಯ ದೀಪ ಆರಿಸಿದರೂ ಅಕ್ಷರಗಳು ಹೊಳೆಯುತ್ತವೆ. ಪ್ರತಿ ಕೀಲಿಯಡಿ ಕೆಂಪು, ಹಸಿರು, ನೀಲಿ ಬೆಳಕು ಸೂಸುವ ಪುಟ್ಟ ಎಲ್‌ಇಡಿಗಳಿವೆ. ಮೂರೂ ಬೆರೆತರೆ ಬಿಳಿ.

ಆದರೆ ಆಟಗಾರನಿಗೆ ನಿಜವಾಗಿ ನೆರವಾಗುವುದು ಈ ಬಣ್ಣವಲ್ಲ. ಸಾಧಾರಣ ಕೀಲಿಮಣೆಯಲ್ಲಿ ಮೂರು-ನಾಲ್ಕು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದೆರಡು ದಾಖಲಾಗದೇ ಹೋಗಬಹುದು. ಒಳ್ಳೆಯ ಮೆಕ್ಯಾನಿಕಲ್ ಕೀಲಿಮಣೆಯಲ್ಲಿ ಕೀಲಿಗೊಂದು ಡಯೋಡ್ ಇರುವುದರಿಂದ ಈ ಗೊಂದಲವಿಲ್ಲ. ಅದರ ಸ್ವಿಚ್‌ಗಳು 5 ಕೋಟಿ ಸಲ ಒತ್ತಿದರೂ ಬಾಳುತ್ತವೆ ಎನ್ನುತ್ತಾರೆ ತಯಾರಕರು.

ಕೊರತೆಗಳೂ ಇವೆ. ಬೆಳಕಿನಿಂದ ಯಾರಿಗೂ ತೊಂದರೆಯಾಗಲಿಲ್ಲ ನಿಜ. ಮೊದಲ ರಾತ್ರಿಯೇ ಅದರ ಟಕಟಕ ಸದ್ದಿಗೆ ನನ್ನಾಕೆ ಎಚ್ಚೆತ್ತಳು! ಕನ್ನಡ ಅಕ್ಷರಗಳ ಸ್ಟಿಕರ್ ಅಂಟಿಸಿದೆ. ಅಡಿಯ ಬೆಳಕೇ ಮುಚ್ಚಿಹೋಯಿತು. ತಂತಿಯಿಲ್ಲದ ಮಾದರಿಗಳಲ್ಲಿ ದೀಪ ಉರಿದಷ್ಟೂ ಬ್ಯಾಟರಿ ಬೇಗ ಬರಿದಾಗುತ್ತದೆ. ಹಲವು ಅಗ್ಗದ ಮಾದರಿಗಳಲ್ಲಿ ಹೊಸತೆಂದರೆ ದೀಪವಷ್ಟೇ. ಒಳಗಿರುವುದು ಅದೇ ಹಳೆಯ ರಬ್ಬರ್ ಪದರ.

ಆದ್ದರಿಂದ ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ಪ್ರಯೋಗ ಮಾಡಿ. ಅದರ ದೀಪ ಆರಿಸಿ, ಅಕ್ಕಪಕ್ಕದ ನಾಲ್ಕು ಅಕ್ಷರಗಳನ್ನು ಒಟ್ಟಿಗೆ ಒತ್ತಿ. ನಾಲ್ಕೂ ಪರದೆಯಲ್ಲಿ ಮೂಡಿದರೆ ಬೆಲೆ ವಿಚಾರಿಸಿ.