ಮುಗಿಲಿಗೂ ಹೊಳೆಗೂ ನಡುವೆ

ಕೆರೆ ಬತ್ತಿತೆಂದರೆ ಆಕಾಶದ ಕಡೆಗೆ ಮುಖವೆತ್ತುವುದು, ಪಂಚಾಂಗ ತೆರೆದು ಯಾವ ನಕ್ಷತ್ರದ ಮಳೆ ಕೈಕೊಟ್ಟಿತೆಂದು ಎಣಿಸುವುದು ನಮ್ಮ ಬಯಲುಸೀಮೆಯವರ ಹಳೆಯ ಅಭ್ಯಾಸ. ಅರ್ಕಾವತಿಯ ವಿಷಯದಲ್ಲಿ ಈ ಅಭ್ಯಾಸವೇ ನಮ್ಮನ್ನು ದಾರಿ ತಪ್ಪಿಸಿತು.

ನಂದಿಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸುತ್ತ ಇಳಿದು, ಕನಕಪುರವನ್ನು ದಾಟಿ ಕಾವೇರಿಯನ್ನು ಕೂಡುವ ಈ ನದಿಯನ್ನು ನೆಚ್ಚಿಯೇ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದ ಜಲಾಶಯ ಸಿದ್ಧವಾಯಿತು. ಅದೂ ಸಾಲದಾದಾಗ, ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿಯು ಅರ್ಕಾವತಿಯನ್ನು ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರವು ಮೈದಳೆಯಿತು. ಕಾವೇರಿ ಬರುವವರೆಗೆ ಬೆಂಗಳೂರು ಮುಖ್ಯವಾಗಿ ಕುಡಿದುದು ಈ ನೀರನ್ನೇ.

ದಶಕಗಳ ಮಳೆಯ ಲೆಕ್ಕ ತೆಗೆದು ನೋಡಿದವರಿಗೆ ದೊರೆತ ಸಂಗತಿ ವಿಚಿತ್ರವಾದುದು: ಈ ಜಲಾನಯನದಲ್ಲಿ ಬೀಳುವ ಮಳೆ ಹೇಳಿಕೊಳ್ಳುವಷ್ಟು ಕಡಿಮೆಯಾಗಿಲ್ಲ, ಜಲಾಶಯಕ್ಕೆ ಬರುವ ನೀರು ಮಾತ್ರ ಕುಗ್ಗುತ್ತ ಕುಗ್ಗುತ್ತ ಬಂದಿತು. ಹಾಗಾದರೆ ನಡುವೆ ಅದನ್ನು ಕುಡಿದವರು ಯಾರು? ಸಾಮಾಜಿಕ ಅರಣ್ಯದ ಹೆಸರಿನಲ್ಲಿ ರಾಗಿಯ ಹೊಲಗಳಲ್ಲಿ ನೀಲಗಿರಿ ತೋಪುಗಳೆದ್ದವು. ರಾಗಿಯು ಮೇಲ್ಮಣ್ಣಿನ ತೇವಕ್ಕೆ ತೃಪ್ತವಾಗಿ ನಾಲ್ಕು ತಿಂಗಳಲ್ಲಿ ಕೊಯ್ಲಿಗೆ ಬರುವುದು. ನೀಲಗಿರಿಯಾದರೋ ವರ್ಷವಿಡೀ ಹಸಿರಾಗಿದ್ದು, ಆಳದ ತೇವವನ್ನೂ ಸೆಳೆದು ಎಲೆಗಳಿಂದ ಗಾಳಿಗೆ ಬಿಟ್ಟುಬಿಡುವುದು. (ಟಿಪ್ಪುವಿನ ಕಾಲದಲ್ಲಿಯೇ ಈ ಮರ ನಂದಿಬೆಟ್ಟಕ್ಕೆ ಬಂದಿತೆನ್ನುವರು, ಚೆಲುವಿಗೆಂದು ನೆಟ್ಟ ನಾಲ್ಕು ಮರಗಳಿಂದ ಯಾವ ಕೇಡೂ ಆಗಲಿಲ್ಲ.) ಹೊಸದಾಗಿ ನೀಲಗಿರಿ ನೆಡಬಾರದೆಂದು ಸರಕಾರ ಆಜ್ಞೆ ಮಾಡಿದುದು 2017ರಲ್ಲಿ. ಅಷ್ಟರಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನೂ ಮೀರಿ ಇಳಿದಿದ್ದವು. ಅಂತರ್ಜಲವು ನದೀಪಾತ್ರಕ್ಕಿಂತ ಕೆಳಗೆ ಸರಿದುದರಿಂದ, ಒಂದು ಕಾಲಕ್ಕೆ ಮಳೆ ನಿಂತ ಮೇಲೂ ಒರತೆಯಾಗಿ ಒಸರಿ ಹೊಳೆಯನ್ನು ಸಲಹುತ್ತಿದ್ದ ನೆಲವೇ ಈಗ ಹೊಳೆಯ ನೀರನ್ನು ಹೀರತೊಡಗಿತು. ಕೆರೆಯಿಂದ ಕೆರೆಗೆ ಹೋಗುವ ಕಾಲುವೆಗಳಿಗೆ ಬಡಾವಣೆಗಳು ಅಡ್ಡ ಬಂದವು. ತೂಬು ಎತ್ತುತ್ತಿದ್ದ ನೀರುಗಂಟಿಗೆ ಕೆಲಸವೇ ಇಲ್ಲವಾಯಿತು.

ಹವಾಮಾನ ಬದಲಾಗುತ್ತಿಲ್ಲವೆಂದು ಇದರರ್ಥವಲ್ಲ. ತಾಪವೇರಿದಂತೆ ಆವಿಯೂ ಹೆಚ್ಚುವುದು. ವಾರವೆಲ್ಲ ಜಿನುಗಬೇಕಾದ ಮಳೆ ಒಂದೇ ಸಂಜೆಗೆ ಸುರಿದರೆ, ಕಾಂಕ್ರೀಟು ಹೊದ್ದ ನೆಲ ಅದನ್ನು ಹಿಂಗಿಸಿಕೊಳ್ಳಲಾರದು. ಆದರೆ ನಮ್ಮ ಕೈಯಿಂದಲೇ ಆದುದನ್ನು ಮುಗಿಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

1974ರಿಂದ ಬೆಂಗಳೂರು ನೂರು ಕಿಲೋಮೀಟರು ದೂರದ ಕಾವೇರಿಯನ್ನು ಪಂಪುಗಳಿಂದ ಮೇಲೆತ್ತಿ ತರಿಸಿಕೊಳ್ಳುತ್ತಿದೆ. ಬಳಸಿ ಬಿಟ್ಟ ಆ ನೀರಿನ ಒಂದು ಪಾಲು ವೃಷಭಾವತಿಯಲ್ಲಿ ಕೊಳಚೆಯಾಗಿ ಹರಿದು ಅರ್ಕಾವತಿಗೆ ಬೀಳುತ್ತದೆ. ಕನಕಪುರದ ಕಡೆ ಬೇಸಿಗೆಯಲ್ಲಿಯೂ ಹೊಳೆ ಹರಿಯುವುದನ್ನು ಕಂಡು ಹಿಗ್ಗುವವರು, ಅದರಲ್ಲಿ ಬಹುಪಾಲು ಬೆಂಗಳೂರಿನ ಬಚ್ಚಲುಗಳನ್ನು ಹಾದು ಸಂಗಮಕ್ಕೆ ಮರಳುತ್ತಿರುವ ಕಾವೇರಿಯೇ ಎಂಬುದನ್ನು ತಿಳಿದಿರಬೇಕು.