ಗೌಚೊ ಚಾಕು: ಹಿಂದೊಂದು, ಮುಂದೊಂದು

ನನಗೆ ಚಾಕು ಹುಚ್ಚು ಹಿಡಿಸಿದ್ದು ಗೌಚೊಗಳು. ಅಂದ್ರೆ ಅರ್ಜೆಂಟೀನಾದ ಪಂಪಾ ಹುಲ್ಲುಗಾವಲಲ್ಲಿ ಕುದುರೆ ಮೇಲೆ ದನ ಕಾಯೋರು. ಅವರ ಉದ್ದನೆಯ ಚಾಕು ‘ಫಕೋನ್’. ಹಳೇ ಕತ್ತಿ, ಬಯೋನೆಟ್ ಕತ್ತರಿಸಿ ಮಾಡಿಕೊಂಡವೂ ಇದ್ದವು. ಸೊಂಟದ ಹಿಂದೆ ಬೆಲ್ಟಿಗೆ ಅಡ್ಡ ಸಿಕ್ಕಿಸಿಕೊಳ್ತಿದ್ರು, ಹಿಡಿ ಬಲಗೈಗೆ ಸಿಗೋ ಹಾಗೆ. 1872ರ ‘ಮಾರ್ತಿನ್ ಫಿಯೆರ್ರೊ’ ಕಾವ್ಯದಲ್ಲಿ ಫಕೋನ್ ಕಾಳಗವೇ ಇದೆ. ಹಾಗಾಗಿ ಎಲ್ಲರ ಕಣ್ಣೂ ಅದರ ಮೇಲೆ.

ನನಗಿಷ್ಟ ಮಾತ್ರ ಚಿಕ್ಕದು, ‘ವೆರಿಹೆರೊ’. ಮುಂದೆ, ತೊಡೆಸಂದಿಯ ಹತ್ತಿರ ಇಟ್ಕೊಳ್ಳೋದು. ಹೆಸರು ಬಂದಿದ್ದೂ ಅಲ್ಲಿಂದ್ಲೇ! ದಿನದ ಕೆಲಸಕ್ಕೆ, ಊಟಕ್ಕೆ ಇದೇ. ಕೆಂಡದಲ್ಲಿ ಸುಟ್ಟ ಮಾಂಸವನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ತುಟಿ ಹತ್ತಿರವೇ ಕೊಯ್ದು ತಿನ್ನೋದು ಅವರ ರೀತಿ. ಮೂಗು ಹುಷಾರು!

ಕೊಳ್ಳೋರಿಗೆ ಒಂದ್ಮಾತು: ಅಲಗು ಕಾರ್ಬನ್ ಸ್ಟೀಲ್ ಆದ್ರೆ ಒರೆಸಿ, ಎಣ್ಣೆ ಸವರಿ, ತೊಗಲಿನ ಒರೆಯಿಂದ ಹೊರಗಿಡಿ. ತೊಗಲು ತೇವ ಹಿಡ್ಕೊಳ್ಳುತ್ತೆ. ನಂದು ಒಂದೇ ಮಳೆಗಾಲದಲ್ಲಿ ತುಕ್ಕಾಯ್ತು.